ಕೈತಪ್ಪಿದ ಫೈನಲ್

ಗಾಡಿ ತಪಾಸಣೆಯ ಸಾಲಿನಲ್ಲಿ ನಿಂತಾಗಿನಿಂದ ಅವಳಿಗೆ ಒಂದೇ ಚಡಪಡಿಕೆ. ಅತ್ತಿತ್ತ ಸುಳಿದಾಡುತ್ತ ಕೈಗವಸಿನ ಪಟ್ಟಿ ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು.

"ಅಕ್ಕ, ಒಂದು ಕಡೆ ನಿಲ್ಲು. ನೋಡೋರಿಗೇ ತಲೆ ತಿರುಗುತ್ತೆ," ಎಂದಳು ಜೊತೆಗೆ ಬಂದಿದ್ದ ತಂಗಿ.

"ನಿಂತೇ ಇದೀನಲ್ಲ."

"ಇದಕ್ಕೆ ನಿಲ್ಲೋದು ಅಂತಾರಾ?"

ಐವತ್ತಮೂರು ವರ್ಷದ ಹೆಂಗಸು. ಡ್ರೈವಿಂಗ್ ಸ್ಕೂಲ್ ನಡೆಸುತ್ತ, ದಿನವಿಡೀ ಕಲಿಯುವವರಿಗೆ ‘ನಿಧಾನ, ನಿಧಾನ’ ಎಂದು ಹೇಳಿ ಗಂಟಲು ಒಣಗಿಸಿಕೊಳ್ಳುವವಳು. ಈ ಗುಡ್ಡದ ಮಣ್ಣಿನ ಟ್ರ್ಯಾಕಿಗೆ ಅವಳು ಕಾಲಿಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಇಲ್ಲಿನ ಮೋಟೊಕ್ರಾಸ್ ಬೈಕ್ ರೇಸಿನ ಕೂಟಕ್ಕೆ ಐವತ್ತು ವರ್ಷ ತುಂಬಿತೆಂದು ಹಳೆಯ ಸವಾರರಿಗಾಗಿ ಐದು ಸುತ್ತಿನ ರೇಸೊಂದನ್ನು ಇಟ್ಟಿದ್ದರು. ಆಹ್ವಾನ ಬಂದ ದಿನ ಅದನ್ನು ಹರಿದು ಬಿಸಾಡಿದ್ದಳು. ಮಾರನೆಯ ದಿನ ಗ್ಯಾರೇಜುಗಳಿಗೆ ಫೋನ್ ಮಾಡಿ ಮಣ್ಣಿನ ಟ್ರ್ಯಾಕಿಗೆ ಹೊಂದುವ ಬೈಕೊಂದನ್ನು ಹುಡುಕತೊಡಗಿದ್ದಳು.

ಒಂದು ಕಾಲದಲ್ಲಿ ಇಲ್ಲಿ ಎಲ್ಲರೂ ಅವಳನ್ನು ಕಿಡಿ ಎನ್ನುತ್ತಿದ್ದರು.

ಸಾಲು ಸರಿದು ಅವಳ ಸರದಿ ಬಂತು. ಹಳದಿ ಜಾಕೆಟ್ ತೊಟ್ಟ ತಪಾಸಣೆಗಾರ ಬಗ್ಗಿ ಚೈನ್ ಎಳೆದು ನೋಡಿದ, ಚಕ್ರ ಅಲ್ಲಾಡಿಸಿದ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಅದರ ಹತ್ತಿರ ಕಿವಿಯೊಡ್ಡಿ, ಕತ್ತನ್ನು ಎಡಕ್ಕೆ ಓರೆ ಮಾಡಿ, ಕಣ್ಣು ಮುಚ್ಚಿದ.

ಆ ಓರೆ ಕತ್ತು ಕಂಡದ್ದೇ ತಡ, ಅವಳು ಕೈಗವಸಿನ ಪಟ್ಟಿಯನ್ನು ಮರೆತಳು. ತಲೆ ಪೂರ್ತಿ ನರೆತಿತ್ತು, ಭುಜ ಸ್ವಲ್ಪ ಬಾಗಿತ್ತು. ಆದರೆ ಎಂಜಿನ್ನಿನ ಗುಟ್ಟನ್ನು ಹೀಗೆ ಕಿವಿಗೊಟ್ಟು ಕೇಳುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ.

"ಯಾರ ಗಾಡಿ?" ಅವನು ತಲೆಯೆತ್ತದೆ ಕೇಳಿದ.

"ನನ್ನದು."

ಆಕ್ಸಿಲರೇಟರಿನ ಮೇಲಿದ್ದ ಕೈ ಅಲ್ಲೇ ನಿಂತಿತು. ಅವನ ನೋಟ ಅವಳ ಬೂಟಿನಿಂದ ನಿಧಾನವಾಗಿ ಮೇಲೇರಿತು. ಕಣ್ಣಿಗೆ ಕಣ್ಣು ತಾಗಿದ ಕೂಡಲೇ ಸರಕ್ಕನೆ ಕೆಳಗಿಳಿಯಿತು.

"ಚೆನ್ನಾಗಿದೀರಾ?"

"ಇದೀನಿ. ನೀವು?"

‘ನೀನು’ ಎಂದೇ ಜಗಳವಾಡುತ್ತಿದ್ದವರ ನಡುವೆ ಈಗ ಬಹುವಚನ ಬಂದು ಕೂತಿತ್ತು.

ಅವನು ಆಕ್ಸಿಲರೇಟರ್ ತಿರುಗಿಸಿ ಬಿಟ್ಟ. ಅದು ತಟ್ಟನೆ ಹಿಂದೆ ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದ. "ಕೇಬಲ್ ಹಿಡ್ಕೊಳ್ತಿದೆ. ಈ ಗಾಡೀನ ಹೀಗೇ ಟ್ರ್ಯಾಕಿಗೆ ಬಿಡೋಕಾಗಲ್ಲ."

ಅವಳ ಕಿವಿಯವರೆಗೆ ಬಿಸಿಯೇರಿತು. "ಮತ್ತೆ ಅದೇ ಕೆಲಸನಾ? ಇಷ್ಟು ವರ್ಷ ಆದ್ರೂ ನನ್ನ ತಡೆಯೋ ಚಟ ಹೋಗಿಲ್ಲ ಅಲ್ವಾ?"

ತಂಗಿ ಇಬ್ಬರ ಮುಖ ನೋಡಿ, "ನಾನು ಕಾಫಿ ತರ್ತೀನಿ," ಎಂದು ಮೆಲ್ಲಗೆ ಜಾರಿಕೊಂಡಳು.

ಇಪ್ಪತ್ತೇಳು ವರ್ಷದ ಹಿಂದೆ ಅವನು ಅವಳ ಮೆಕ್ಯಾನಿಕ್. ಎರಡು ವರ್ಷ ಅವಳ ಗಾಡಿಯನ್ನೂ ಅವಳ ಸಿಡುಕನ್ನೂ ಒಟ್ಟಿಗೆ ಸಂಭಾಳಿಸಿದವನು. ಮದುವೆಯ ಮಾತೂ ಆಗಿತ್ತು. ದೊಡ್ಡ ತಂಡವೊಂದು ಆ ವರ್ಷದ ಫೈನಲ್ ನೋಡಿ ಸವಾರರನ್ನು ಆರಿಸುವುದಿತ್ತು. ಫೈನಲ್‌ಗೆ ಎರಡು ಗಂಟೆ ಇರುವಾಗ ಅವನು ಕೂಟದ ಡಾಕ್ಟರ ಬಳಿ ಹೋಗಿ ಸವಾರರ ಪಟ್ಟಿಯಿಂದ ಅವಳ ಹೆಸರು ಹೊಡೆಸಿಹಾಕಿದ. ಗೆದ್ದವನು ಅವನ ಸ್ವಂತ ತಮ್ಮ. ಅವಳು ಹೆಲ್ಮೆಟ್ಟನ್ನು ಅವನ ಕಾಲ ಬಳಿ ಎಸೆದು ಹೋದವಳು, ಮತ್ತೆ ತಿರುಗಿ ನೋಡಿರಲಿಲ್ಲ.

ಈಗ ಅವನು ಹಳದಿ ಜಾಕೆಟ್ ಬಿಚ್ಚಿ ಸಹೋದ್ಯೋಗಿಯ ಕೈಗೆ ಕೊಟ್ಟ. "ಕೇಬಲ್ ಹಾಕಿದ ಮೇಲೆ ಈ ಗಾಡಿ ನೀನೇ ಚೆಕ್ ಮಾಡು. ರಿಪೇರಿ ಮಾಡಿದೋನೇ ಚೆಕ್ ಮಾಡಬಾರದು." ಅವಳತ್ತ ತಿರುಗಿ, "ರೇಸಿಗೆ ನಲವತ್ತು ನಿಮಿಷ ಇದೆ. ನನಗೆ ಹದಿನೈದು ಸಾಕು," ಎಂದ.

ಅವನು ನೆಲದ ಮೇಲೆ ಕೂತು ಕೆಲಸ ಶುರುಮಾಡಿದ. ಅವಳು ಗಾಡಿಯ ಸುತ್ತ ಸುತ್ತತೊಡಗಿದಳು.

"ನಿಮ್ಮ ತಮ್ಮ ಹೇಗಿದಾರೆ? ಆ ಕಪ್ ಇನ್ನೂ ಹೊಳೀತಿದೆಯಾ?"

"ಅವನಿಗೋಸ್ಕರ ಮಾಡ್ದೆ ಅಂತ ನೀವೂ ನಂಬಿದ್ರಿ."

"ಎಲ್ಲರೂ ನಂಬಿದ್ರು."

"ಎಲ್ಲರ ಮಾತು ಬಿಡಿ." ಹಳೆಯ ಕೇಬಲ್ ಎಳೆದು ಪಕ್ಕಕ್ಕಿಟ್ಟ. "ಅವತ್ತು ಬೆಳಿಗ್ಗೆ ಪ್ರಾಕ್ಟೀಸಲ್ಲಿ ಬಿದ್ದದ್ದು ನೆನಪಿದೆಯಾ?"

"ಬಿದ್ದೆ, ಎದ್ದೆ. ಅಷ್ಟೇ."

"ನಡುವೆ ಹತ್ತು ನಿಮಿಷ ಇತ್ತು. ನಿನ್ನ ಹೆಲ್ಮೆಟ್ ಬಿಚ್ಚಿದ್ದು ನಾನೇ. ನೀನು ನನ್ನ ಮುಖ ನೋಡಿ, ತುಂಬ ಮರ್ಯಾದೆಯಿಂದ, ‘ನೀವು ಯಾರು’ ಅಂತ ಕೇಳ್ದೆ."

ಸುತ್ತುತ್ತಿದ್ದ ಅವಳ ಕಾಲುಗಳು ನಿಂತವು.

"ಹಿಂದಿನ ದಿನ ತಾನೇ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದ್ದವಳು," ಅವನ ದನಿ ಸಣ್ಣಗಾಯಿತು. "ಆ ಸ್ಥಿತೀಲಿ ನಿನ್ನ ಗಾಡಿ ಹತ್ತಿಸ್ಬೇಕಿತ್ತಾ? ಡಾಕ್ಟರ ಹತ್ರ ಓಡ್ದೆ. ವಾಪಸ್ ಬರೋಷ್ಟರಲ್ಲಿ ನಿನಗೆ ಎಲ್ಲಾ ನೆನಪಾಗಿತ್ತು, ಬೈಗುಳಗಳೂ ಸೇರಿ. ಆ ಹತ್ತು ನಿಮಿಷ ಮಾತ್ರ ನೆನಪಿರ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಗೊತ್ತಾದ್ರೆ ಹೆದರಿಕೊಂಡು ಮತ್ತೆ ಗಾಡಿ ಮುಟ್ಟಲ್ಲ ಅನ್ನಿಸ್ತು. ಡಾಕ್ಟರಿಗೂ ಹೇಳ್ಬೇಡಿ ಅಂದೆ. ನನ್ನ ಮೇಲಿನ ಕೋಪಕ್ಕಾದ್ರೂ ಮುಂದಿನ ವರ್ಷ ಬಂದು ಗೆಲ್ತೀಯ, ಆಗ ಹೇಳೋಣ ಅಂತ ಕಾದೆ. ನೀನು ಬರಲೇ ಇಲ್ಲ."

ಅವನು ಆಕ್ಸಿಲರೇಟರ್ ತಿರುಗಿಸಿ ಬಿಟ್ಟ. ಅದು ಚಟ್ಟನೆ ಹಿಂದೆ ಬಂತು. ಸಹೋದ್ಯೋಗಿ ಪರೀಕ್ಷಿಸಿ ಸ್ಟಿಕರ್ ಅಂಟಿಸಿದ.

"ಹೋಗು," ಎಂದ ಅವನು. "ಮೂರನೇ ತಿರುವಲ್ಲಿ ಮಣ್ಣು ಸಡಿಲ ಇದೆ. ಹುಷಾರು."

ಹದಿನಾಲ್ಕು ಗಾಡಿಗಳು ಒಟ್ಟಿಗೆ ಗುಡುಗಿದವು. ಇಷ್ಟು ವರ್ಷ ಅವಳು ನೆಚ್ಚಿಕೊಂಡಿದ್ದದ್ದು ಆ ಕೋಪವನ್ನೇ. ಗಂಡನ ಜೊತೆ ಹೊಂದದೆ ಒಂಟಿಯಾದಾಗಲೂ, ಒಬ್ಬಳೇ ಸ್ಕೂಲ್ ಕಟ್ಟಿದಾಗಲೂ ಬೆನ್ನಿಗಿದ್ದದ್ದು ಅದೇ. ಈಗ ತಡಕಿದರೆ ಸಿಗುತ್ತಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದಳು. ಎರಡನೆಯ ಸುತ್ತಿನಲ್ಲಿ ಒಂದು ದಿಬ್ಬ ಅವಳನ್ನು ಗಾಳಿಗೆ ಎಸೆಯಿತು. ಒಂದು ಕ್ಷಣ ಮೇಲೆ ಬರೀ ಬಿಸಿಲು, ಕೆಳಗೆ ಏನೂ ಇಲ್ಲ. ಚಕ್ರ ನೆಲ ಮುಟ್ಟಿದಾಗ ಅವಳು ಹೆಲ್ಮೆಟ್ಟಿನೊಳಗೆ ನಗುತ್ತಿದ್ದಳು, ಅಳುತ್ತಲೂ ಇದ್ದಳು.

ಒಂಬತ್ತನೆಯವಳಾಗಿ ಬಂದಳು.

ಬೇಲಿಯ ಬಳಿ ಅವನು ಗಾಡಿಯ ಹ್ಯಾಂಡಲ್ ಹಿಡಿದುಕೊಂಡ. ಅವಳು ಇಳಿದು ಹೆಲ್ಮೆಟ್ ತೆಗೆದಳು.

"ಮನೇಲಿ ಯಾರಿದಾರೆ?" ಎಂದು ಕೇಳಿಯೇಬಿಟ್ಟಳು.

"ಹೆಂಡತಿ ತೀರ್ಕೊಂಡು ಏಳು ವರ್ಷ ಆಯ್ತು. ಒಳ್ಳೆಯವಳು. ಮಗಳು ತನ್ನ ಸಂಸಾರದಲ್ಲಿದಾಳೆ. ನಾನೊಬ್ನೇ."

ಅವಳು ಮುಖದ ಮಣ್ಣು ಒರೆಸಿಕೊಂಡಳು. "ನಾನು ಗಾಡಿ ಬಿಟ್ಟಿದ್ದು ಫೈನಲ್ ಕೈತಪ್ಪಿತು ಅಂತ ಅಲ್ಲ. ಅದಾದ ಮುಂದಿನ ತಿಂಗಳು ಬೇರೆ ಟ್ರ್ಯಾಕಿಗೆ ಹೋಗಿದ್ದೆ, ಗೊತ್ತಾ? ಗಾಡಿ ಸ್ಟಾರ್ಟ್ ಮಾಡಿ ಪಕ್ಕಕ್ಕೆ ನೋಡ್ದೆ. ನೀನು ನಿಲ್ಲೋ ಜಾಗದಲ್ಲಿ ಬೇರೆ ಯಾರೋ ನಿಂತಿದ್ರು. ಇಳಿದು ಮನೆಗೆ ಹೋದೆ."

ಅವನು ಗಾಡಿಯನ್ನು ಬೇಲಿಗೆ ಒರಗಿಸಿದ. "ಇದನ್ನ ಆಗಲೇ ಹೇಳಬಾರದಿತ್ತಾ?"

"ನೀನು ಹೇಳಿದ್ಯಾ?"

ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ತಂಗಿ ಕಾರಿನ ಕೀ ಹಿಡಿದು ಬಂದಳು. "ಅಕ್ಕ, ಹೊರಡೋಣ್ವಾ? ಮೂರು ಗಂಟೆ ದಾರಿ ಇದೆ."

"ನೀನು ಹೋಗು. ನಾನು ನಾಳೆ ಬರ್ತೀನಿ."

"ನಾಳೇನಾ, ನಾಡಿದ್ದಾ?"

ಅವಳು ನಗುತ್ತ, ಗ್ರೀಸ್ ಮೆತ್ತಿದ ಅವನ ಕೈಯನ್ನು, ಅಷ್ಟು ಜನರೆದುರಿಗೇ, ಹಿಡಿದುಕೊಂಡಳು.