ಕೊಬ್ಬರಿ ಮನೆಯ ಗಂಟೆ

ಗೋಣಿಚೀಲ ಇದ್ದಲ್ಲೇ ಇತ್ತು. ಒಳಗಿದ್ದ ಗಂಟೆ ಮಾತ್ರ ಇರಲಿಲ್ಲ.

ಚೀಲ ಬಿಚ್ಚಿ ನೋಡಿದವರು ಸಭಾಪಾಲಕ ಸಮಾಧಾನಪ್ಪ. ಯಾರೋ ಅದಕ್ಕೆ ತೆಂಗಿನ ಸಿಪ್ಪೆ ತುಂಬಿ, ದೂರದಿಂದ ನೋಡಿದರೆ ಗಂಟೆಯೇ ಇದೆ ಅನ್ನಿಸುವಂತೆ ಮೂಲೆಯಲ್ಲಿ ನಿಲ್ಲಿಸಿದ್ದರು. ಸಮಾಧಾನಪ್ಪ ಬೆಂಚುಗಳ ಕೆಳಗೆಲ್ಲ ಬಗ್ಗಿ ನೋಡಿದರು. ಅಂದು ಶುಕ್ರವಾರ ಸಂಜೆ. ಭಾನುವಾರ ಬೆಳಿಗ್ಗೆ ಹೊಸ ಚರ್ಚಿನ ಪ್ರತಿಷ್ಠೆ. ಬಿಷಪ್ಪರು ಬರುವವರಿದ್ದರು.

ಇದು ತುರುವೇಕೆರೆಯಲ್ಲಿ ನಡೆದದ್ದು, 1997ರಲ್ಲಿ. ಊರಂಚಿನ ಹಳೆಯ ಚರ್ಚಿನ ಗಾರೆ ಗೋಡೆ ಹಿಂದಿನ ವರ್ಷದ ಮಳೆಗೆ ಬಾಯಿ ಬಿಟ್ಟಿತ್ತು. ಇನ್ನು ಒಳಗೆ ಕೂರಬೇಡಿ ಎಂದು ಇಂಜಿನಿಯರು ಹೇಳಿಹೋದರು. ಮುತ್ತಜ್ಜಂದಿರ ಕಾಲದಿಂದ ಅಲ್ಲೇ ಪ್ರಾರ್ಥಿಸುತ್ತಿದ್ದ ಸಭೆ ಬೀದಿಗೆ ಬಂತು. ಆಗ ಬಾಗಿಲು ತೆರೆದವನು ತೆಂಗಿನ ತೋಟದ ದೊಡ್ಡಣ್ಣ. ಆ ಚರ್ಚಿನ ಜಗಲಿಯಲ್ಲೇ ಅವನು ಅಕ್ಷರ ಕಲಿತಿದ್ದ. ತನ್ನ ಕೊಬ್ಬರಿ ಮನೆಯ ಕೆಳಭಾಗವನ್ನು ಸಭೆಗೆ ಬಿಟ್ಟುಕೊಟ್ಟ. ಬಾಡಿಗೆಯ ಮಾತೆತ್ತಿದವರನ್ನು ಬೈದು ಕಳಿಸಿದ.

ಅಂದಿನಿಂದ ಮೇಲೆ ಅಟ್ಟದಲ್ಲಿ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು, ಕೆಳಗೆ ಕೀರ್ತನೆ ನಡೆಯುತ್ತಿತ್ತು. ಪ್ರಸಂಗದ ನಡುವೆ ಇಲಿಯೊಂದು ಕಾಯಿ ಉರುಳಿಸಿದರೆ ಸಭೆಗೆ ಸಭೆಯೇ ನಗುತ್ತಿತ್ತು. ಅಲ್ಲೇ ಒಂದು ಮದುವೆಯಾಯಿತು, ಕೂಸುಗಳಿಗೆ ದೀಕ್ಷಾಸ್ನಾನವಾಯಿತು. ಊರಿನ ಪಡ್ಡೆ ಹುಡುಗರು 'ಕೊಬ್ಬರಿ ಚರ್ಚು' ಎಂದು ಹೆಸರಿಟ್ಟರು. ಆ ಹೆಸರು ಕಿವಿಗೆ ಬಿದ್ದರೆ ಸಭೆಯವರು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದರು. ಹಳೆ ಗೋಪುರದಿಂದ ಇಳಿಸಿ ತಂದ ಗಂಟೆಯನ್ನು ಅವರು ಇಲ್ಲಿ ಒಮ್ಮೆಯೂ ಬಾರಿಸಲಿಲ್ಲ. ನಿಜವಾದ ಚರ್ಚು ಎದ್ದ ಮೇಲೇ ಅದರ ದನಿ ಎಂದು ಹಟ ಹಿಡಿದು ಮುಚ್ಚಿಟ್ಟಿದ್ದರು.

ಈಗ ಅದು ಮಾಯ. ದೊಡ್ಡಣ್ಣನ ಮನೆಯಲ್ಲಿದ್ದದ್ದು ದೊಡ್ಡಣ್ಣನಿಗೆ ತಿಳಿಯದೆ ಹೋಗುತ್ತದೆಯೇ ಎಂದು ಕತ್ತಲಾಗುವುದರೊಳಗೆ ಊರು ಗುಸುಗುಸು ಶುರುಮಾಡಿತ್ತು. ವರ್ಷವಿಡೀ ಅವನ ನೆರಳಲ್ಲಿ ಕೂತವರಲ್ಲೂ ಕೆಲವರು ಅದೇ ಮಾತಾಡಿದರು. ನಾಲಿಗೆಗೆ ನಾಚಿಕೆ ಎಂಬುದಿಲ್ಲ ನೋಡಿ.

*

ಸಬ್ ಇನ್ಸ್‌ಪೆಕ್ಟರ್ ದುರ್ಗಯ್ಯ ಹುಳಿಯಾರು ಕಡೆಯವನು. ಯೋಚನೆಗೆ ಬಿದ್ದರೆ ಜೇಬಿನಿಂದ ಕೊಬ್ಬರಿ ಚೂರು ತೆಗೆದು ಅಗಿಯುವುದು ಅವನ ಚಾಳಿ. ಮೊದಲು ಗುಜರಿ ಅಂಗಡಿಯವನನ್ನು ವಿಚಾರಿಸಿದ. ಅವನು ದಿನವಿಡೀ ತಿಪಟೂರಿನಲ್ಲಿದ್ದ. ಅದಕ್ಕೆ ಸಾಕ್ಷಿಗಳಿದ್ದರು. ದುರ್ಗಯ್ಯ ಅಗಿಯುತ್ತ ಕೊಬ್ಬರಿ ಮನೆಯ ಅಂಗಳಕ್ಕೆ ಬಂದ.

ಅಲ್ಲಿ ಕಾಯಿ ಸುಲಿಯುವ ಸಿದ್ದಗಂಗಮ್ಮ ಸಿಕ್ಕಳು. ಇರುವುದು ಒಂದೇ ಬಾಗಿಲು. ಅವಳು ದಿನವಿಡೀ ಅದರ ಎದುರೇ ಕೂತಿದ್ದಳು. ಸಭೆಯವರೆಲ್ಲ ತೋರಣ ಕಟ್ಟಲು ಹೊಸ ಚರ್ಚಿಗೆ ಹೋಗಿದ್ದಾಗ ಒಳಗೆ ಹೋದವರು ಮೂವರು. ಮೊದಲು ಮುದುಕ ದೇವಪುತ್ರಪ್ಪ. ಆಮೇಲೆ ದೊಡ್ಡಣ್ಣ. ಕೊನೆಗೆ ಹೊಸ ಚರ್ಚು ಕಟ್ಟಿಸಿದ ಕಂಟ್ರಾಕ್ಟರ್ ರಂಗನಾಥ್.

"ಹೊರಗೆ ಏನು ತಗಂಡು ಹೋದ್ರು?"

"ಯಾರೂ ಏನೂ ತಗಂಡೋಗ್ಲಿಲ್ಲ ಕಣ್ರೀ. ಬರಿಗೈಲಿ ಬಂದ್ರು, ಬರಿಗೈಲಿ ಹೋದ್ರು."

ದುರ್ಗಯ್ಯ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡ.

ದೇವಪುತ್ರಪ್ಪನವರ ಮೇಲೆ ಅನುಮಾನ ಪಡಲು ಕಾರಣವಿತ್ತು. ಹಳೆ ಚರ್ಚು ಬಿಡಬಾರದು, ಗೋಡೆ ಬಿದ್ದರೆ ಅಲ್ಲೇ ಸಾಯೋಣ ಎಂದು ಕೂಗಾಡಿದವರು ಅವರು. ಈಗಲೂ ಸಂಜೆ ಹೋಗಿ ಅದರ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆದರೆ ಅವರ ಅಂಗೈಯಿಂದ ಎಣ್ಣೆಯ, ಹುಣಸೆಹಣ್ಣಿನ ವಾಸನೆ ಬರುತ್ತಿತ್ತು. ಪ್ರತಿಷ್ಠೆಯ ದಿನ ಹೊಳೆಯಲಿ ಎಂದು ಗಂಟೆ ತಿಕ್ಕಲು ಹೋಗಿದ್ದೆ ಎಂದರು. ತಾವು ಬರುವಾಗ ಅದು ಅಲ್ಲೇ ಇತ್ತಂತೆ. ಕೋಲಿಲ್ಲದೆ ನಿಲ್ಲಲಾಗದ ಮನುಷ್ಯ. ದುರ್ಗಯ್ಯ ಅವರನ್ನು ಮನೆಗೆ ಕಳಿಸಿದ.

ರಂಗನಾಥ್ ಕರಿ ಕನ್ನಡಕದ ಠಾಕುಠೀಕು ಆಸಾಮಿ. ಬಿಡಿಸಿ ಬಿಡಿಸಿ ಮಾತಾಡಿದ.

"ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವನು ಸಾರ್. ತೆಂಗಿನಕಾಯಿ ನೋಡಿರೋದು ಚಟ್ನಿಯಲ್ಲಿ ಮಾತ್ರ. ಆ ಮನೆಯ ಧೂಳಿಗೆ ನನಗೆ ಸೀನು ನಿಲ್ಲೋದಿಲ್ಲ. ಬಾಗಿಲೊಳಗೇ ನಿಂತು ಗಂಟೆ ನೋಡಿಕೊಂಡು ಬಂದೆ."

ಗಂಟೆ ಸಿಗದಿದ್ದರೂ ಪ್ರತಿಷ್ಠೆ ನಿಲ್ಲಿಸುವುದು ಬೇಡ, ಕ್ಯಾಸೆಟ್ ಹಾಕಿ ಮೈಕಿನಲ್ಲಿ ಗಂಟೆಯ ದನಿ ಕೇಳಿಸಿದರಾಯಿತು ಎಂದೂ ಸೇರಿಸಿದ. ಬಹಳ ದಿನದಿಂದ ಇದೇ ರಾಗ ಎಳೆಯುತ್ತಿದ್ದಾನೆ ಎಂದು ಸಮಾಧಾನಪ್ಪ ಹೇಳಿದರು.

ಇನ್ನು ಉಳಿದವನು ದೊಡ್ಡಣ್ಣ. ಅವನನ್ನು ಠಾಣೆಗೆ ಎಳೆದು ತನ್ನಿ ಎಂದು ಆಗಲೇ ಮೇಲಿನವರಿಂದ ಫೋನು ಬಂದಿತ್ತು. ದುರ್ಗಯ್ಯನೇ ಅವನ ಮನೆಗೆ ಹೋದ. ದೊಡ್ಡಣ್ಣ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ.

"ಗಂಟೆ ಹೋದ್ರೆ ಇನ್ನೊಂದು ಮಾಡಿಸ್ಬೋದು ಸಾರ್," ಎಂದ. "ನನ್ನ ಹೆಸ್ರು ಹೋದ್ರೆ ಎಲ್ಲಿಂದ ತರ್ಲಿ?"

ನಾಳೆಯೊಳಗೆ ಕಳ್ಳನನ್ನು ಹಿಡಿಯದಿದ್ದರೆ ಈ ಮನುಷ್ಯ ಊರಲ್ಲಿ ಮತ್ತೆ ತಲೆಯೆತ್ತಲಾರ ಎಂಬುದು ದುರ್ಗಯ್ಯನಿಗೆ ತಿಳಿಯಿತು.

*

ಶನಿವಾರ ಬೆಳಿಗ್ಗೆ ದುರ್ಗಯ್ಯ ಒಬ್ಬನೇ ಅಟ್ಟ ಹತ್ತಿದ. ಗಂಟೆ ಹೊರಗೆ ಹೋಗಿಲ್ಲ ಎಂದರೆ ಒಳಗಿರಬೇಕು. ಕಾಯಿಚೀಲ ಮೇಲೆತ್ತಲು ಅಲ್ಲೊಂದು ರಾಟೆ ಇತ್ತು. ಗಂಟೆಯ ತೂಕ ಒಂದು ಕಾಯಿಚೀಲದಷ್ಟು. ಒಬ್ಬನೇ ಎಳೆದು ಹಾಕಬಹುದು.

ಅಟ್ಟದ ತುಂಬ ಕಾಯಿ. ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ನೀರಿನ ಸದ್ದು. ಇನ್ನೂ ಒಣಗಿಲ್ಲ. ಇನ್ನೊಂದು ಲೊಡಲೊಡ ಎಂದಿತು. ಅದರೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿತ್ತು. ಏಣಿಯ ಹತ್ತಿರ ಎಲ್ಲವೂ ಹೀಗೇ ಬೆರಕೆ. ಆದರೆ ಅವುಗಳ ನಡುವಿನ ಒಂದು ಗುಡ್ಡೆಯ ಕಾಯಿಗಳು ಯಾವುದನ್ನು ಎತ್ತಿದರೂ ಲೊಡಲೊಡ ಎಂದವು. ಒಂದರಲ್ಲೂ ನೀರಿಲ್ಲ.

ದುರ್ಗಯ್ಯ ಅಗಿಯುವುದನ್ನು ನಿಲ್ಲಿಸಿದ. ಗುಡ್ಡೆಯೊಳಗೆ ಕೈ ತೂರಿಸಿದ. ತಣ್ಣನೆಯ ಕಂಚು ತಾಗಿತು. ಅವನು ಗಂಟೆಯನ್ನು ಅಲ್ಲೇ ಬಿಟ್ಟು, ಗುಡ್ಡೆಗೆ ಒಂದಿಷ್ಟು ಹಸಿ ಕಾಯಿ ಬೆರೆಸಿ, ಎಲ್ಲರಿಗೂ ಹೇಳಿಕಳಿಸಿದ.

*

ಅಟ್ಟದ ಮೇಲೆ ನೂಕುನುಗ್ಗಲಾಯಿತು. ದುರ್ಗಯ್ಯ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಆ ಗುಡ್ಡೆ ತೆಗೆಯಬೇಕು, ಕೈಯಿಂದ ಕೈಗೆ ಕಾಯಿ ದಾಟಿಸಿ ಎಂದ. ಗುಡ್ಡೆಯ ಬಳಿ ಸಮಾಧಾನಪ್ಪ, ನಡುವೆ ದೊಡ್ಡಣ್ಣ, ಕೊನೆಗೆ ಮೂಗಿಗೆ ಕರ್ಚೀಫು ಒತ್ತಿಕೊಂಡ ರಂಗನಾಥ್.

ಗುಡ್ಡೆ ಕರಗುತ್ತ ಬಂತು. ಗಂಟೆಯ ತಲೆ ಕಂಡಿತು. ಎತ್ತಿ ನೋಡಿದರೆ, ಸದ್ದಾಗದಂತೆ ಅದರ ನಾಲಿಗೆಗೆ ಬಟ್ಟೆ ಸುತ್ತಿತ್ತು. ಎಲ್ಲರ ಕಣ್ಣೂ ದೊಡ್ಡಣ್ಣನ ಕಡೆ ತಿರುಗಿತು. ಅವನ ಅಟ್ಟ, ಅವನ ಕಾಯಿ. ಅವನ ಮುಖ ಬಿಳಿಚಿಕೊಂಡಿತು.

"ಅವನ ಮುಖ ಯಾಕೆ ನೋಡ್ತೀರಿ?" ದುರ್ಗಯ್ಯ ಹೇಳಿದ. "ಕಂಟ್ರಾಕ್ಟರ ಕಾಲ ಹತ್ರ ನೋಡಿ."

ರಂಗನಾಥನ ಕರ್ಚೀಫು ಎಲ್ಲೋ ಬಿದ್ದುಹೋಗಿತ್ತು. ಒಂದು ಸೀನೂ ಬಂದಿರಲಿಲ್ಲ. ಅವನ ಬಲಗಾಲ ಬಳಿ ಒಂದು ಗುಡ್ಡೆ, ಎಡಗಾಲ ಬಳಿ ಇನ್ನೊಂದು. ಕೈಯಲ್ಲೊಂದು ಕಾಯಿ ಇನ್ನೂ ಕಿವಿಯ ಹತ್ತಿರವೇ ಇತ್ತು. ದುರ್ಗಯ್ಯ ಬಲಗಡೆಯವನ್ನು ಒಂದೊಂದಾಗಿ ಅಲ್ಲಾಡಿಸಿ ತೋರಿಸಿದ. ಲೊಡಲೊಡ. ಎಡಗಡೆಯವೆಲ್ಲ ನೀರು.

"ನಮ್ಮ ಸೀಮೇಲಿ ಹುಟ್ಟಿದವನ ಕೈಗೆ ಕಾಯಿ ಸಿಕ್ರೆ ಅಲ್ಲಾಡಿಸದೆ ಬಿಡಲ್ಲ. ಒಣಗಿದ್ದು ಬೇರೆ, ಹಸೀದು ಬೇರೆ. ಕದ್ದ ಮಾಲು ಮುಚ್ಚೋವಾಗಲೂ ಕೈ ಸುಮ್ನಿರಲಿಲ್ಲ. ಆರಿಸಿ ಆರಿಸಿ ಮುಚ್ಚಿದಾನೆ."

ಗುಂಪಿನಲ್ಲಿ ಯಾರೋ ಕೇಳಿದರು, ಹಾಗಾದರೆ ದೊಡ್ಡಣ್ಣನೂ ಈ ಸೀಮೆಯವನಲ್ಲವೇ?

"ಹೇಳಪ್ಪ ದೊಡ್ಡಣ್ಣ," ಎಂದ ದುರ್ಗಯ್ಯ. "ನಿನಗೆ ಒಣಗಿದ ಕಾಯಿ ಬೇಕಂದ್ರೆ ಎಲ್ಲಿಂದ ತಗೀತೀಯ?"

"ಆ ಗೋಡೆ ಕಡೆಯಿಂದ ಸಾರ್. ಮೊದ್ಲು ತುಂಬಿದ್ದು ಅಲ್ಲಿ. ಅಲ್ಲಾಡಿಸೋದೇ ಬ್ಯಾಡ, ಎಲ್ಲಾ ಒಣಗವೆ."

"ಕೇಳಿದ್ರಾ? ಕಳ್ಳ ಕೊಬ್ಬರಿ ಬಲ್ಲವನು, ಆದ್ರೆ ಈ ಅಟ್ಟ ಬಲ್ಲವನಲ್ಲ. ಇಲ್ಲಿ ಬೆರಕೆ ಕಾಯಿ ನಡುವೆ ಕೂತು ಆರಿಸಿದವನು ಅಂಥವನು. ಚಟ್ನೀಲಿ ಬಿಟ್ಟು ಕಾಯಿ ನೋಡಿಲ್ಲ ಅಂದವರ ಊರು ಯಾವುದು ರಂಗನಾಥ್? ರಾತ್ರಿ ವೈರ್‌ಲೆಸ್‌ನಲ್ಲಿ ವಿಚಾರಿಸಿದೆ. ಕಂದಿಕೆರೆ. ನಿಮ್ಮಪ್ಪನದೂ ಕೊಬ್ಬರಿ ಅಟ್ಟವೇ."

ರಂಗನಾಥ್ ನಗಲು ನೋಡಿದ. ತಾನೇ ಕಟ್ಟಿಸಿದ ಚರ್ಚಿನ ಗಂಟೆಯನ್ನು ತಾನೇ ಯಾಕೆ ಕದಿಯಲಿ ಎಂದು ಕೇಳಿದ.

"ಗಂಟೆ ಬೇಡ, ಕ್ಯಾಸೆಟ್ ಸಾಕು ಅಂತಿದ್ದೆಯಲ್ಲ, ಯಾಕೆ ಅಂತ ನಿನ್ನ ಗೋಪುರವೇ ಹೇಳ್ತದೆ," ಎಂದ ದುರ್ಗಯ್ಯ.

*

ಹೊಸ ಚರ್ಚಿನ ಗೋಪುರಕ್ಕೆ ಹೊಳೆಯುವ ಬಣ್ಣ ಬಳಿದಿತ್ತು. ಒಳಗೆ, ಗಂಟೆ ತೂಗಬೇಕಾದ ಸಿಮೆಂಟಿನ ತೊಲೆಗೆ ದುರ್ಗಯ್ಯ ಹಗ್ಗ ಹಾಕಿಸಿದ. ದೊಡ್ಡಣ್ಣನ ತೋಟದ ಒಂದು ಚೀಲ ತೆಂಗಿನಕಾಯಿ ಕಟ್ಟಿಸಿದ. ಗಂಟೆಯಷ್ಟೇ ತೂಕ. ಅದನ್ನು ತೂಗಾಡಿಸುವಾಗ ಕೆಳಗೆ ನಿಲ್ಲು ಎಂದು ರಂಗನಾಥನಿಗೆ ಜಾಗ ತೋರಿಸಿದ.

ರಂಗನಾಥ್ ಹಿಂದೆ ಸರಿದ.

"ನಾ ನಿಲ್ಲಲ್ಲ ಸಾರ್," ಎಂದ. ಬೆಂಗಳೂರು ಇಳಿದುಹೋಗಿ ಕಂದಿಕೆರೆ ಬಾಯಿಗೆ ಬಂದಿತ್ತು. "ಬುಟ್ಬುಡಿ. ನಿಲ್ಲಲ್ಲ."

ದುರ್ಗಯ್ಯ ಎಲ್ಲರನ್ನೂ ದೂರ ಸರಿಸಿ ದೂರದಿಂದಲೇ ಹಗ್ಗ ಎಳೆಸಿದ. ಚೀಲ ಗಂಟೆಯ ಹಾಗೆ ಅತ್ತಿತ್ತ ತೂಗಿತು. ಗಾರೆ ಉದುರಿತು. ತೊಲೆ ನಡುವೆ ಬಾಯಿ ಬಿಟ್ಟು, ಚೀಲದ ಸಮೇತ ಕೆಳಗೆ ಅಪ್ಪಳಿಸಿತು. ಹೊಸ ನೆಲದ ತುಂಬ ಕಾಯಿ ಉರುಳಾಡಿದವು. ಮುರಿದ ತೊಲೆಯೊಳಗೆ ಬೆರಳು ಗಾತ್ರದ ಕಂಬಿಯೂ ಇರಲಿಲ್ಲ. ಬರೀ ಮರಳು.

ಚೀಲ ಬಿದ್ದ ಜಾಗದಲ್ಲೇ ಭಾನುವಾರ ಮಕ್ಕಳು ನಿಂತು ಹಾಡಬೇಕಿತ್ತು. ಸಮಾಧಾನಪ್ಪ ಗಳಗಳ ಅತ್ತರು.

ರಂಗನಾಥ್ ಒಪ್ಪಿಕೊಂಡ. ಗಂಟೆ ತೂಗಿದ ದಿನವೇ ಬಣ್ಣ ಬಯಲಾಗುವುದು ಅವನಿಗೆ ಗೊತ್ತಿತ್ತು. ಅದಕ್ಕೇ ಕ್ಯಾಸೆಟ್ಟಿನ ರಾಗ. ಅದು ನಡೆಯದಿದ್ದಾಗ ಗಂಟೆಗೇ ಕೈ ಹಾಕಿದ. ಅಕಸ್ಮಾತ್ ಸಿಕ್ಕಿದರೂ ದೊಡ್ಡಣ್ಣನ ತಲೆಗೆ ಬರಲಿ ಎಂದೇ ಅವನ ಅಟ್ಟ ಆರಿಸಿಕೊಂಡಿದ್ದ. ದುರ್ಗಯ್ಯ ಅವನನ್ನು ಜೀಪಿಗೆ ಹತ್ತಿಸಿದ. ಆಮೇಲೆ, ಕೂಗಿ ಕರೆದು, ಊರೆಲ್ಲ ನೋಡುವಂತೆ ದೊಡ್ಡಣ್ಣನ ಕೈ ಕುಲುಕಿದ.

*

ಭಾನುವಾರ ಬಿಷಪ್ಪರು ಕೊಬ್ಬರಿ ಮನೆಗೇ ಬಂದರು.

ಅಂಗಳದಲ್ಲಿ ಎರಡು ತೆಂಗಿನ ಕಾಂಡ ನೆಟ್ಟು, ಮೇಲೊಂದು ಅಡ್ಡ ಹಾಕಿ, ಗಂಟೆ ಕಟ್ಟಿದ್ದರು. ಹಗ್ಗವನ್ನು ದೊಡ್ಡಣ್ಣನ ಕೈಗೆ ಕೊಟ್ಟರು. ಅನುಮಾನದ ಮಾತಾಡಿದ್ದವರೇ ಮುಂದೆ ನಿಂತು ಕ್ಷಮೆ ಕೇಳಿ ಕೊಟ್ಟರು. ದೊಡ್ಡಣ್ಣ ಒಬ್ಬನೇ ಎಳೆಯಲಿಲ್ಲ. ಕೋಲೂರಿ ನಿಂತಿದ್ದ ದೇವಪುತ್ರಪ್ಪನವರನ್ನು ಹತ್ತಿರ ಕರೆದ.

"ಬನ್ನಿ ಮೇಷ್ಟ್ರೇ. ನಂಗೆ ಅಕ್ಷರ ಕಲಿಸಿದ ಕೈ ಅದು."

ಇಬ್ಬರೂ ಕೂಡಿ ಎಳೆದರು. ಒಂದು ವರ್ಷ ಮೂಕವಾಗಿದ್ದ ಗಂಟೆ ಬಾಯಿಬಿಟ್ಟಿತು. ದನಿ ತೋಟಗಳ ಮೇಲೆ ಹಾದು ಕೆರೆಯಾಚೆಗೂ ಹೋಯಿತು. ಪ್ರಸಂಗದ ನಡುವೆ ಅಟ್ಟದಲ್ಲಿ ಕಾಯಿ ಉರುಳಿದಾಗ ಬಿಷಪ್ಪರೇ ಮೊದಲು ನಕ್ಕರು.

ಮುಂದೆ ಗೋಪುರವನ್ನು ಕೆಡವಿ ಗಟ್ಟಿಯಾಗಿ ಕಟ್ಟಿದರು. ಸಭೆ ಹೊಸ ಚರ್ಚಿಗೆ ಹೋಗಿ ವರ್ಷಗಳಾದವು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬೇರೆಯೇ ಹೆಸರಿದೆ. ಬಸ್ಸಿನ ಕಂಡಕ್ಟರುಗಳು ಮಾತ್ರ ಈಗಲೂ "ಕೊಬ್ಬರಿ ಚರ್ಚು, ಇಳ್ಕಳ್ರೀ" ಎಂದೇ ಕೂಗುತ್ತಾರೆ. ಸಭೆಯವರು ತಲೆಯೆತ್ತಿಕೊಂಡು ಇಳಿಯುತ್ತಾರೆ.