ಚಾರ್ಜಿಂಗ್ ಕೋಣೆಯಲ್ಲಿ ಗೀರದೆ ಉಳಿದ ಕಡ್ಡಿ

೧೯೮೩ರಲ್ಲಿ ನಾನು ಯಶವಂತಪುರದ ಗೋಡೌನೊಂದರಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಕೆಲಸದಲ್ಲಿದ್ದೆ. ಒಂದು ಸಂಜೆ ಕರೆಂಟು ಹೋಗಿ ಕೋಣೆ ಕತ್ತಲಾಯಿತು. ಬ್ಯಾಟರಿಯಲ್ಲಿ ನೀರು ಎಷ್ಟಿದೆಯೆಂದು ನೋಡಲು ಬಗ್ಗಿ, ಬೆಂಕಿಕಡ್ಡಿ ಗೀರಲು ಹೋದೆ. ಒದ್ದೆಯಾದ, ತಣ್ಣನೆಯ ಕೈಯೊಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

ಅಷ್ಟರಲ್ಲಿ ನಮ್ಮ ಹಳೆಯ ಆಪರೇಟರ್ ಮುನಿಯಣ್ಣ ಬಾಗಿಲಿಂದ ಟಾರ್ಚ್ ಬೆಳಕು ಬಿಟ್ಟು ಕೂಗಿದ: “ಲೇ ಸೇತು, ಕಡ್ಡಿ ಗೀರ್ಬೇಡ ಕಣ್ಲಾ! ಫ್ಯಾನ್ ನಿಂತೈತೆ, ರೂಮೆಲ್ಲಾ ಬೆಂಕಿ ಹತ್ಕೊಳ್ಳೋ ಬ್ಯಾಟ್ರಿ ಗ್ಯಾಸು. ಇಬ್ರೂ ಚಿಂದಿ ಆಗೋಯ್ತೀವಿ!”

“ಒಳಗೆ ನನ್ನ ಕೈ ಹಿಡ್ದಿದ್ದು ಯಾರಣ್ಣಾ?”

“ನೀನೊಬ್ನೇ ಇದ್ದಿದ್ದು. ದೆವ್ವಾನೇ ಆದ್ರೂ ನಿನಗಿಂತ ಬುದ್ಧಿ ಐತೆ ಬಿಡು. ಬಾ, ಟೀ ಕುಡಿ.”

ಬದುಕಿದೆನಲ್ಲ ಎಂಬ ಸಮಾಧಾನಕ್ಕೆ ಟೀ ಕುಡಿಯುತ್ತ ಸುಮ್ಮಸುಮ್ಮನೆ ನಕ್ಕೆ. ಮರುದಿನ ಅಮ್ಮ ಆ ಅಂಗಿ ಒಗೆದಾಗ ನೋಡಿದರೆ, ಮಣಿಕಟ್ಟಿನ ಬಳಿ ತೋಳನ್ನು ಬ್ಯಾಟರಿಯ ಆಸಿಡ್ ತಿಂದು ಬೆರಳ ಗಾತ್ರದ ತೂತು ಮಾಡಿತ್ತು: ಒಂದು ಬದಿಯಲ್ಲಿ ನಾಲ್ಕು, ಇನ್ನೊಂದು ಬದಿಯಲ್ಲಿ ಒಂದು.