ಬಲತಿರುವಿನಲ್ಲಿ ಒಂದು ನೋಟ

ಆ ವಾರ ನಾಗಪುರದ ಜನ ಮೃಣಾಲಿನಿಯ ಮುರಿದ ಮಣಿಕಟ್ಟಿಗೆ ಮರುಗಿದ್ದಕ್ಕಿಂತ ಚಂದನ್‌ನ ನಗುವಿಗೆ ಕರಗಿದ್ದೇ ಹೆಚ್ಚು. ಹನ್ನೊಂದು ಸೆಕೆಂಡಿನ ವಿಡಿಯೊ. ರ್‍ಯಾಲಿ ಕಾರು ಮಣ್ಣಿನ ದಾರಿಯಲ್ಲಿ ಹಾರುತ್ತಿದೆ. ಸ್ಟಿಯರಿಂಗ್ ಹಿಡಿದವನು ತಟ್ಟನೆ ಎಡಕ್ಕೆ ತಿರುಗಿ, ಪಕ್ಕದ ಸೀಟಿನಲ್ಲಿ ಪುಸ್ತಕ ಹಿಡಿದು ಓದುತ್ತಿರುವವಳನ್ನು ನೋಡಿ ನಗುತ್ತಾನೆ. ಅಲ್ಲಿಗೆ ಚಿತ್ರ ನಿಲ್ಲುತ್ತದೆ, ಮೇಲೊಂದು ಕೆಂಪು ಹೃದಯ ಮೂಡುತ್ತದೆ. ಮರುಕ್ಷಣವೇ ಕಾರು ದಿಬ್ಬಕ್ಕೆ ಗುದ್ದಿ ಮಗುಚಿದ್ದನ್ನು ಕತ್ತರಿಸಿ ತೆಗೆದಿದ್ದರು. ಮೂಳೆ ಮುರಿಯುವ ಸದ್ದಿಗೆ ಯಾರು ಲೈಕ್ ಒತ್ತುತ್ತಾರೆ?

ರಾಮದಾಸಪೇಠದ ಆಸ್ಪತ್ರೆಗೆ ಪ್ಲಾಸ್ಟರ್ ತೋರಿಸಲು ಬಂದಿದ್ದ ಅವಳನ್ನು ನರ್ಸ್ ಗುರುತು ಹಿಡಿದುಬಿಟ್ಟಳು.

"ಮ್ಯಾಡಮ್, ವೋ ವಿಡಿಯೊವಾಲಿ ಆಪ್ ಹೀ ಹೋ ನಾ? ಸರ್ ಕಿತ್ನಾ ಪ್ಯಾರ್ ಕರ್ತೇ ಹೈಂ!"

ಅವನ ಪ್ರೀತಿ ಇಷ್ಟೆಂದು ಮೃಣಾಲಿನಿ ಪ್ಲಾಸ್ಟರ್ ಹಾಕಿದ ಎಡಗೈಯನ್ನು ಮೇಲೆತ್ತಿದಳು. "ದೇಖೋ ನಾ, ಇತ್ನಾ."

ನರ್ಸ್ ನಕ್ಕು ಹೋದಳು. ಮೃಣಾಲಿನಿಗೆ ನಗು ಬರಲಿಲ್ಲ. ಕಾರಿನಿಂದ ಅವಳನ್ನು ಎಳೆದು ತೆಗೆದ ದಿನವೇ ಚಂದನ್ ಒಂದು ಮಾತು ಹೇಳಿದ್ದ. "ಕ್ಯಾಮೆರಾಕ್ಕಂತ ನೋಡಿದೆ, ಮೃಣಾಲ್. ಪ್ರಚಾರದ ಧನಶ್ರೀ ಹೇಳಿದ್ಳು. ತಪ್ಪಾತು." ಕೈಯ ನೋವಿಗೆ ಗುಳಿಗೆ ಇತ್ತು. ಈ ಮಾತಿಗೆ ಇರಲಿಲ್ಲ.

ರ್‍ಯಾಲಿಯಲ್ಲಿ ಡ್ರೈವರ್ ಒಬ್ಬನೇ ಕಾರು ಓಡಿಸುವುದಿಲ್ಲ. ಸ್ಪರ್ಧೆಗೆ ಮೊದಲು ಅವನೂ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರೂ ಆ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಸ್ಪರ್ಧೆಯ ದಿನ ಅವಳು ಓದುತ್ತಾಳೆ, ಕಣ್ಣಿಗೆ ಇನ್ನೂ ಕಾಣದ ತಿರುವಿಗೆ ಅವನು ಅವಳ ಮಾತನ್ನೇ ನಂಬಿ ಕಾರು ನುಗ್ಗಿಸುತ್ತಾನೆ. ಎಲ್ಲರೂ ಇಂಗ್ಲಿಷಿನಲ್ಲಿ ಓದಿದರೆ ಇವರದು ಮನೆಮಾತಾದ ಕನ್ನಡ. "ಎಡಕ್ಕ ನಾಕು. ಬಲಕ್ಕ ಎರಡು, ಜ್ವಾಕಿ, ಕಲ್ಲದ." ಅಂಕಿ ಸಣ್ಣದಾದಷ್ಟೂ ತಿರುವು ಬಿಗಿ. ಅವಳು ಪುಸ್ತಕದಿಂದ ಕಣ್ಣೆತ್ತುವಂತಿಲ್ಲ, ಅವನು ದಾರಿಯಿಂದ ಕಣ್ಣು ತೆಗೆಯುವಂತಿಲ್ಲ.

ಹಾಗೆ ನಾಲ್ಕು ವರ್ಷ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತಿದ್ದರೂ ಓಡುವ ಕಾರಿನಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮೃಣಾಲಿನಿಗೆ ಪ್ರೀತಿ ಹುಟ್ಟಿದ್ದು ಕಿವಿಯಿಂದ. ಹೆಲ್ಮೆಟ್ಟಿನ ಮೈಕಿನಲ್ಲಿ ಅವನ ಉಸಿರು ಕೇಳಿಯೇ ಅವಳು ಅವನ ಹೆದರಿಕೆ, ಹಟ, ಖುಷಿ ಎಲ್ಲವನ್ನೂ ಬಲ್ಲಳು. ಕಡಿದಾದ ಇಳಿಜಾರು ಮುಗಿದಾಗ ಅವನು ಮೆಲ್ಲಗೆ "ಹಾಂ" ಎನ್ನುತ್ತಿದ್ದ. ಅದಕ್ಕಾಗಿಯೇ ಅವಳು ಬ್ಯಾಂಕಿನ ಕೆಲಸದಲ್ಲಿ ಸಿಗುವ ರಜೆಗಳನ್ನೆಲ್ಲ ಕೂಡಿಟ್ಟು ರ್‍ಯಾಲಿಗೆ ಸುರಿಯುತ್ತಿದ್ದಳು.

ಚಂದನ್‌ಗೆ ಹೆಸರು ಬಂದದ್ದೇ ಕೆಟ್ಟದ್ದಾಯಿತು ಎಂದು ಮಾತ್ರ ಅವಳು ಎಂದೂ ಹೇಳಿದವಳಲ್ಲ. ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ಮಲ್ಲೇಶಪ್ಪನವರ ಮಗ ಚಂದನ್ ಮೊದಲು ಓಡಿಸಿದ್ದು ನಾಗಪುರದ ಅಂಚಿನ ವಾಡಿಯ ಲಾರಿ ಶೆಡ್ಡಿನ ಮೂಲೆಯಲ್ಲಿ ತಾನೇ ರಿಪೇರಿ ಮಾಡಿದ ಹಳೇ ಕಾರು. ಆಗ ಇವರ ರ್‍ಯಾಲಿ ನೋಡುತ್ತಿದ್ದದ್ದು ಮೇಕೆಗಳು, ಮೇಕೆ ಕಾಯುವವರು. ಎರಡು ವರ್ಷದ ಹಿಂದೆ ಅವನ ವಿಡಿಯೊಗಳು ಹಬ್ಬಿದವು. ಮದುವೆ ಬಟ್ಟೆಯ ಕಂಪನಿಯೊಂದು ಹೊಸ ಕಾರು, ಹೊಸ ಟೈರು, ಮೂವರು ಮೆಕ್ಯಾನಿಕ್‌ಗಳನ್ನು ಕೊಟ್ಟಿತು. ಗುಡ್ಡದ ಮೇಲೆ ಸಾವಿರಾರು ಜನ ನಿಲ್ಲತೊಡಗಿದರು. ಅದರ ಜೊತೆಗೇ ತಿರುವು ಬರೆದುಕೊಳ್ಳಬೇಕಾದ ಎರಡು ದಿನದಲ್ಲಿ ಒಂದು ದಿನ ಯಾವುದೋ ಮಳಿಗೆಯ ರಿಬ್ಬನ್ ಕತ್ತರಿಸುವುದಕ್ಕೆ ಹೋಗತೊಡಗಿತು. ರಸ್ತೆ ರಸ್ತೆಗೂ ಶೇರ್ವಾನಿ ತೊಟ್ಟ ಚಂದನ್‌ನ ಹೋರ್ಡಿಂಗ್. ಮೃಣಾಲಿನಿಯ ಅಪ್ಪ ಮಧ್ವೇಶರಾಯರು ಅದನ್ನು ನೋಡಿ, "ಇಂವ ಗಾಡಿ ಹೊಡಿಯಾಂವನೋ, ಮದಿಮಗನೋ?" ಎಂದು ಕೇಳಿದ್ದರು.

ಡಾಕ್ಟರು ಇನ್ನೊಂದು ತಿಂಗಳು ಪ್ಲಾಸ್ಟರ್ ಇರಲಿ ಎಂದರು. ಹೊರಗೆ ಬಂದರೆ ಕ್ಯಾಂಟೀನಿನಲ್ಲಿ ಧನಶ್ರೀ ಕಾಯುತ್ತಿದ್ದಳು. ಬೆಂಗಳೂರಿನಿಂದ ಬಂದು ಕಂಪನಿಯ ಪ್ರಚಾರ ನೋಡಿಕೊಳ್ಳುವವಳು. ಕೈಯಲ್ಲಿ ಹೊಸ ಒಪ್ಪಂದದ ಕಾಗದ.

"ಮೃಣಾಲಿನಿ, ಶನಿವಾರದೊಳಗೆ ಸೈನ್ ಮಾಡಿಬಿಡಿ. ಡಿಸೆಂಬರ್ ರ್‍ಯಾಲಿಗೆ ನೀವಿಬ್ರೂ ಒಂದೇ ಕಾರಲ್ಲಿ ಇರ್ಲೇಬೇಕು. ಜನಕ್ಕೆ ಬೇಕಾಗಿರೋದು ಜೋಡಿ. ಸ್ಟಾರ್ಟ್ ಲೈನ್‌ನಲ್ಲಿ ಅವ್ರು ನಿಮ್ಗೆ ಪ್ರಪೋಸ್ ಮಾಡ್ತಾರೆ."

"ಖರೇನಾ?"

"ನಿಜ ಆದ್ರೂ ಸರಿ, ಸುಮ್ನೆ ಆದ್ರೂ ಸರಿ," ಧನಶ್ರೀ ನಕ್ಕಳು. ಕೆಟ್ಟ ಹೆಂಗಸಲ್ಲ, ಪಾಪ. ತನ್ನ ಕೆಲಸ ತಾನು ಮಾಡುತ್ತಿದ್ದಳು.

"ನಾ ಕೂಡಲಿಲ್ಲಂದ್ರ?"

"ಕಂಪನಿ ಕಾರು ವಾಪಸ್ ತಗೊಳ್ಳುತ್ತೆ."

ಮೃಣಾಲಿನಿ ಪೆನ್ನು ಕೈಗೆ ತೆಗೆದುಕೊಂಡಳು. ಆ ಸೀಟು ಬಿಟ್ಟರೆ ತನ್ನದೆಂದು ಹೇಳಿಕೊಳ್ಳುವ ಜಾಗ ಅವಳಿಗೆ ಬೇರೆ ಇರಲಿಲ್ಲ. ಕ್ಯಾಮೆರಾಕ್ಕಾಗಿ ನೋಡಿದವನನ್ನು ಬೈದು ಬುದ್ಧಿ ಹೇಳಬಹುದು, ಕ್ಯಾಮೆರಾ ಕಿತ್ತೆಸೆಯಬಹುದು. ಪ್ರೀತಿಯನ್ನು ನುಂಗಿಕೊಂಡು ಮತ್ತೆ ಪಕ್ಕದಲ್ಲಿ ಕೂರುವುದಕ್ಕೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಸಹಿ ಹಾಕುವ ಮುನ್ನ ಸುಮ್ಮನೆ ಅಂದಳು:

"ಒಂದು ಕೇಳ್ತೀನಿ. ಇನ್ನೊಮ್ಮೆ ಓಡೋ ಗಾಡಿಯೊಳಗ ನನ್ನ ನೋಡು ಅಂತ ಅವಂಗ ಹೇಳಬ್ಯಾಡ್ರಿ."

"ನಾನ್ಯಾಕ್ರೀ ಹೇಳ್ಲಿ?" ಧನಶ್ರೀ ಕಣ್ಣರಳಿಸಿದಳು. "ಆವತ್ತು ಕಾರೊಳಗಿನ ಕ್ಯಾಮೆರಾ ಕೆಟ್ಟಿದೆ, ಇವತ್ತು ಶೂಟ್ ಇಲ್ಲ ಅಂತ ನಾನೇ ಅವ್ರಿಗೆ ಹೇಳಿ ಕಳ್ಸಿದ್ದೆ. ಕೊನೇ ಗಳಿಗೆಯಲ್ಲಿ ಮೆಕ್ಯಾನಿಕ್ ಇನ್ನೊಂದು ಹಾಕಿದ್ದು ಅವ್ರಿಗೆ ಗೊತ್ತೇ ಇರ್ಲಿಲ್ಲ. ಅದಕ್ಕೇ ಆ ನಗು ಅಷ್ಟು ಚೆನ್ನಾಗಿ ಬಂದಿದೆ."

ಮೃಣಾಲಿನಿ ಪೆನ್ನು ಕೆಳಗಿಟ್ಟು ಕಾಗದವನ್ನು ಚೀಲಕ್ಕೆ ಹಾಕಿಕೊಂಡಳು. ಹಾಗಾದರೆ ಅವನು ನೋಡಿದ್ದು ಕ್ಯಾಮೆರಾಕ್ಕಾಗಿ ಅಲ್ಲ. ಸಂತೋಷಪಡಬೇಕೋ ಹೆದರಬೇಕೋ ಅವಳಿಗೇ ಗೊತ್ತಾಗಲಿಲ್ಲ.

ಅವಳನ್ನು ಮನೆಗೆ ಬಿಡಲು ಬಂದ ಚಂದನ್ ಆಸ್ಪತ್ರೆಯ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದ. ಸುತ್ತ ಹತ್ತು ಜನ, ಹತ್ತು ಮೊಬೈಲು. ಅಷ್ಟು ಜನರ ನಡುವಿನಿಂದಲೂ ಅವನ ಕಣ್ಣು ಅವಳ ಪ್ಲಾಸ್ಟರಿನ ಮೇಲೆ ಇಳಿದು, ಅಲ್ಲಿಂದ ಅವಳ ಮುಖಕ್ಕೆ ಏರಿ, ತಪ್ಪು ಮಾಡಿದವನಂತೆ ನೆಲ ನೋಡಿತು. ಕ್ಯಾಮೆರಾಕ್ಕೆ ನಗುವವನ ಕಣ್ಣಲ್ಲ ಅದು. ಇಷ್ಟು ದಿನ ತಾನು ಎಂಥ ಕುರುಡಿ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಪಾರ್ಕಿಂಗಿನಲ್ಲಿ ಅವನ ಅಪ್ಪನ ಕಾರಿತ್ತು. ಇಬ್ಬರೂ ಕೂತರು. ಅವನು ಕೀಲಿ ತಿರುಗಿಸುವ ಮೊದಲೇ ಅವಳು ತಡೆದಳು.

"ಚಾಲೂ ಮಾಡಬ್ಯಾಡ. ಮೊದಲ ಖರೇ ಹೇಳು. ಯಾಕ ನೋಡಿದಿ?"

"ಹೇಳೇನಲ್ಲ, ಕ್ಯಾಮೆರಾಕ್ಕ..."

"ಕ್ಯಾಮೆರಾ ಕೆಟ್ಟದಂತ ಧನಶ್ರೀ ನಿನಗ ಮೊದಲ ಹೇಳಿದ್ಳಂತ."

ಚಂದನ್ ಸ್ಟಿಯರಿಂಗ್ ಹಿಡಿದುಕೊಂಡ. ನಿಂತ ಕಾರಿನಲ್ಲೂ ಮುಂದಕ್ಕೇ ನೋಡುತ್ತಿದ್ದ.

"ನೀ 'ಬಲಕ್ಕ ಎರಡು' ಅಂದಾಗ ನಿನ್ನ ದನಿಯಾಗ ನಗು ಇತ್ತು. ನಾಕು ವರ್ಷದಾಗ ಒಮ್ಮಿನೂ ಹಂಗ ಕೇಳಿರಲಿಲ್ಲ. ನಗೂವಾಗ ಹೆಂಗ ಕಾಣ್ತಾಳ ನೋಡೂಣು ಅನಿಸ್ತು. ಅಷ್ಟ."

ಹೌದು, ಅವಳು ನಕ್ಕಿದ್ದಳು. ಎರಡನೇ ಸ್ಥಾನದವನಿಗಿಂತ ಎಂಟು ಸೆಕೆಂಡ್ ಮುಂದಿದ್ದರು. ಪಕ್ಕದಲ್ಲಿ ಅವನಿದ್ದ. ತಡೆಯಲಾಗದೆ ನಗು ಬಂದಿತ್ತು.

"ಮತ್ತ ಸುಳ್ಳು ಯಾಕ ಹೇಳಿದಿ, ಹುಚ್ಚಪ್ಪಾ?"

"ಕ್ಯಾಮೆರಾಕ್ಕ ಅಂದ್ರ ಬೈತಿ, ಮತ್ತ ಬಂದು ಕೂಡ್ತಿ. ನಿನ್ನ ಸಲುವಾಗಿ ನೋಡಿದೆ ಅಂದ್ರ ಗಾಡಿಯಿಂದ ಇಳೀತಿ. ನಿನ್ನ ನಾ ಅರಿಯೆನೇನು?"

ಬರೋಬರ್ ಅರಿತಿದ್ದ. ಅದೇ ಸಂಕಟ. ಕ್ಯಾಮೆರಾವನ್ನು ಕಿತ್ತೆಸೆಯಬಹುದು, ತನಗಾಗಿ ತಿರುಗುವ ಕಣ್ಣನ್ನು ದಾರಿಗೆ ಕಟ್ಟಿಹಾಕಲಾಗದು. ಈ ಮಾತು ಕೇಳುವುದಕ್ಕೆ ಅವಳು ನಾಲ್ಕು ವರ್ಷ ಕಾದಿದ್ದಳು. ಈಗ ಅದು ಅವಳ ಸೀಟನ್ನು ಕಿತ್ತುಕೊಳ್ಳುವುದಕ್ಕೇ ಬಂದಂತಿತ್ತು.

"ಈ ಹೆಸರೇ ನಮ್ಮನ್ನ ಹಾಳ ಮಾಡ್ತು ಅಂತೀಯಲ್ಲಾ ಮನಸಿನಾಗ?" ಅವನು ಕೇಳಿದ. "ಆದ್ರ ಹೆಸರಿಲ್ಲದಿದ್ರ ಗಾಡಿ ಎಲ್ಲಿಂದ ಬರ್ತಿತ್ತು? ವಾಡಿ ಶೆಡ್ಡಿನಾಗ ನಮ್ಮ ಹಿಂದ ಇನ್ನೂ ಆರು ಮಂದಿ ಗಾಡಿ ಕಟ್ಟಾಕತ್ಯಾರ. ನನ್ನ ನೋಡಿ ಬಂದವರು ಅವರು."

"ಇಲ್ಲ ಅನ್ನೂದಿಲ್ಲ. ಹೆಸರು ಗಾಡಿ ಕೊಟ್ಟದ, ಜನಾ ಕೊಟ್ಟದ. ನನ್ನ ಕೈ ಮುರಿದದ್ದೂ ಹೆಸರಲ್ಲ. ಅದು ನಮ್ಮಿಬ್ಬರದ ತಪ್ಪು. ಆದ್ರ ತಪ್ಪು ಆದಮ್ಯಾಲೆ ಇಬ್ಬರು ಬ್ಯಾರೆ ಬ್ಯಾರೆ ಗಾಡಿಯೊಳಗ ಕೂಡಬೇಕಾಗಿತ್ತು. ಈ ಹೆಸರು ಬಿಡವಲ್ತು. ಅದ ತಪ್ಪಿಗೆ ಹೂವಿನ ಹಾರ ಹಾಕಿ, ಮತ್ತ ಮಾಡ್ರಿ ಅಂತದ."

ಹೊರಗೆ ಇಬ್ಬರು ಹುಡುಗಿಯರು ಕಾರಿನೊಳಗೆ ಇಣುಕಿ, ಗುರುತು ಹಿಡಿದು, ಮೊಬೈಲ್ ಎತ್ತಿದರು. ಮೃಣಾಲಿನಿ ಚೀಲದಿಂದ ಒಪ್ಪಂದದ ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಆಣಿ ಮಾಡು ಚಂದನ್. ಡಿಸೆಂಬರ್‌ದಾಗ ಒಂದ ಒಂದು ಸಲಾನೂ ನನ್ನ ಕಡೆ ನೋಡೂದಿಲ್ಲಂತ ನಿಮ್ಮಪ್ಪನ ಮ್ಯಾಲೆ ಆಣಿ ಮಾಡು. ಈಗ, ಇಲ್ಲೇ, ಸಹಿ ಹಾಕ್ತೀನಿ."

ಅವಳು ಸುಮ್ಮನೆ ಹೇಳಿದ್ದಲ್ಲ. ಅವನು ಆಣೆ ಮಾಡಿಬಿಡಲಿ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಒಂದು ಮಾತು ಸಾಕಿತ್ತು. ಕಾರು ಉಳಿಯುತ್ತಿತ್ತು, ಸೀಟು ಉಳಿಯುತ್ತಿತ್ತು, ಆ "ಹಾಂ" ಉಳಿಯುತ್ತಿತ್ತು.

ಚಂದನ್ ಆಣೆಗೆಂದು ಕೈ ಎತ್ತಿದ. ಹಾಗೇ ಇಳಿಸಿದ.

"ಆಗೂದಿಲ್ಲ," ಅಂದ. "ಸುಳ್ಳ ಆಣಿ ಮಾಡಿ ನಿನ್ನ ಜೀವಕ್ಕ ಎರವಾಗಲಾರೆ. ನೀ ಪಕ್ಕದಾಗ ನಕ್ರ ನಾ ನೋಡೇ ನೋಡ್ತೀನಿ, ಮೃಣಾಲ್. ತಡಕೊಳ್ಳಾಕ ಆಗೂದಿಲ್ಲ."

ಮೃಣಾಲಿನಿ ಮೊಬೈಲ್ ತೆಗೆದಳು. ಲೀಲಾ ಎಂಬ ಡ್ರೈವರ್ ಆರು ತಿಂಗಳಿಂದ ನ್ಯಾವಿಗೇಟರ್‌ಗಾಗಿ ಹುಡುಕುತ್ತಿದ್ದಳು. ಹಳೇ ಕಾರು, ಹೆಸರಿಲ್ಲ, ಹಿಂದೆ ಕಂಪನಿಯೂ ಇಲ್ಲ. "ಲೀಲಾ, ಏಕ್ ಮಹೀನೇ ಬಾದ್ ಮೇರಾ ಹಾಥ್ ಠೀಕ್ ಹೋ ಜಾಯೇಗಾ," ಅಂದಳು. "ಫಿರ್ ಮೈಂ ತೇರೀ ಗಾಡಿ ಮೇಂ ಬೈಠೂಂಗಿ." ತಿಂಗಳಾಗಿ ಕೈ ಸರಿಯಾದರೆ ಇನ್ನು ಅವಳು ಕೂರುವುದು ಲೀಲಾಳ ಕಾರಿನಲ್ಲಿ.

ಇನ್ನೊಬ್ಬರ ಕಾರಿಗೆ ಅವಳ ದನಿ ಹೋಗುವುದನ್ನು ಚಂದನ್ ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ತಾನೂ ಧನಶ್ರೀಗೆ ಫೋನ್ ಮಾಡಿದ.

"ಮೃಣಾಲಿನಿ ಸಹಿ ಹಾಕೂದಿಲ್ರೀ. ಹಾಕಬ್ಯಾಡ ಅಂತ ನಾನೂ ಹೇಳೀನಿ. ಗಾಡಿ ತಗೊಂಡು ಹೋಗ್ರಿ." ಆ ಕಡೆಯಿಂದ ಅವಳು ಏನೋ ಹೇಳುತ್ತಲೇ ಇದ್ದಳು. ಅವನು ಎಲ್ಲದಕ್ಕೂ "ಹೂಂ" ಎಂದು ಕಟ್ ಮಾಡಿದ.

"ನಾಳೆ ಮನಿಗೆ ಬಾ," ಮೃಣಾಲಿನಿ ಹೇಳಿದಳು. "ಅಪ್ಪನ ಮುಂದ ಕೂತು ನನ್ನ ಕೇಳು. ನಿನ್ನ ಜೋಡಿ ಕ್ಯಾಮೆರಾದವರು ಯಾರೂ ಬರೂದು ಬ್ಯಾಡ."

"ಗಾಡಿ ಇಲ್ಲದಾಂವಗ ಕೊಡ್ತಾರೇನು?"

"ನಾ ಒಪ್ಪೀನಿ. ಅವರೂ ಒಪ್ತಾರ."

ಅವನು ನಗಲು ಹೋದ. ನಗು ಅರ್ಧಕ್ಕೆ ನಿಂತಿತು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿದ. ಮೃಣಾಲಿನಿ ಬಲಗೈಯನ್ನು ಅವನ ಬೆನ್ನ ಮೇಲಿಟ್ಟಳು, ಅಳಬೇಡ ಎನ್ನಲಿಲ್ಲ. ಅವನು ಅಳುತ್ತಿದ್ದದ್ದು ಹೋದ ಕಾರಿಗಾಗಿ ಎಂದು ಅವಳಿಗೆ ಗೊತ್ತಿತ್ತು. ತನ್ನ ಕಣ್ಣಲ್ಲಿ ನೀರು ಬಂದದ್ದೂ ಆ ಸೀಟಿಗಾಗಿಯೇ.